ಕಂಬಳಿ ಚೌಕಕ್ಕೆ ಕರೆ ಕೊಡುವವರು ಮೊದಲು ಅಳತೆ ಹೇಳಲಿ

ಮಾನ್ಯ ಸಂಪಾದಕರೇ,

ಚಳಿಗಾಲ ಹತ್ತಿರವಾಗುತ್ತಿದ್ದಂತೆ ಮಹಿಳಾ ಸಮಾಜಗಳು, ಅಪಾರ್ಟ್‌ಮೆಂಟ್ ಸಂಘಗಳು, ಕಾಲೇಜುಗಳು ಒಂದು ಕರೆ ಕೊಡುತ್ತವೆ: ಒಬ್ಬೊಬ್ಬರು ಒಂದೊಂದು ಉಲ್ಲನ್ ಚೌಕ ಹೆಣೆದು ಕೊಡಿ, ಎಲ್ಲವನ್ನೂ ಜೋಡಿಸಿ ವೃದ್ಧಾಶ್ರಮಕ್ಕೋ ಮಕ್ಕಳ ವಾರ್ಡಿಗೋ ಕಂಬಳಿ ಕೊಡೋಣ. ಬಹಳ ಒಳ್ಳೆಯ ಕೆಲಸ. ಸ್ವೆಟರ್ ಮುಗಿಸುವ ತಾಳ್ಮೆ ಇಲ್ಲದವರೂ ಒಂದು ಚೌಕ ಮುಗಿಸುತ್ತಾರೆ. ಆದರೆ ಇಂಥ ಪ್ರಕಟಣೆಗಳಲ್ಲಿ ಕೊನೆಯ ದಿನಾಂಕ ಇರುತ್ತದೆ, ತಲುಪಿಸಬೇಕಾದ ವಿಳಾಸ ಇರುತ್ತದೆ, ಅಳತೆ ಮಾತ್ರ ಇರುವುದಿಲ್ಲ. ಇದ್ದರೂ "40 ಕುಣಿಕೆ ಹಾಕಿ ಚೌಕವಾಗಿ ಹೆಣೆಯಿರಿ" ಎಂಬಷ್ಟಕ್ಕೇ ನಿಲ್ಲುತ್ತದೆ. ಹಾಗೆ ಬಂದು ಸೇರುವ ರಾಶಿಯಲ್ಲಿ ಅರ್ಧದಷ್ಟು ಚೌಕಗಳು ಒಂದರ ಪಕ್ಕ ಒಂದು ಕೂರುವುದೇ ಇಲ್ಲ. ಅದಕ್ಕಾಗಿ ಈ ಪತ್ರ.

ಕುಣಿಕೆಯ ಲೆಕ್ಕ ಹೇಳಿದರೆ ಅಳತೆ ಹೇಳಿದಂತಾಗುವುದಿಲ್ಲ. ಅದೇ ಉಲ್ಲನ್, ಅದೇ ಕಡ್ಡಿ ಕೊಟ್ಟರೂ ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ. 10 ಸೆಂ.ಮೀ.ಗೆ 22 ಕುಣಿಕೆ ಬೀಳುವ ಕೈಯಲ್ಲಿ 42 ಕುಣಿಕೆಯ ಚೌಕ 19 ಸೆಂ.ಮೀ. ಅಗಲವಾಗುತ್ತದೆ. 20 ಕುಣಿಕೆ ಬೀಳುವ ಕೈಯಲ್ಲಿ ಅದೇ 42 ಕುಣಿಕೆ 21 ಸೆಂ.ಮೀ. ಆಗುತ್ತದೆ. ಒಂದು ಚೌಕದಲ್ಲಿ 2 ಸೆಂ.ಮೀ. ಏನು ಮಹಾ ಎನಿಸಬಹುದು. ಸಾಲಿಗೆ 7 ಚೌಕ ಇಟ್ಟು ನೋಡಿ: ಒಂದು ಪಟ್ಟಿ 133 ಸೆಂ.ಮೀ., ಪಕ್ಕದ ಪಟ್ಟಿ 147 ಸೆಂ.ಮೀ. ಈ 14 ಸೆಂ.ಮೀ.ಯನ್ನು ಸೂಜಿಯಿಂದ ಎಳೆದು ಸರಿಮಾಡಲು ಆಗುವುದಿಲ್ಲ. ಎಳೆದರೆ ಕಂಬಳಿ ನಡುವೆ ಉಬ್ಬುತ್ತದೆ, ಅಂಚು ಅಲೆಅಲೆಯಾಗುತ್ತದೆ, ಒಗೆದ ಮೇಲೆ ಜೋಡಣೆ ಬಿಡುತ್ತದೆ.

ದೊಡ್ಡ ಪ್ರಮಾಣದಲ್ಲಿ ಈ ಕೆಲಸ ಮಾಡಿದವರು ಮೊದಲು ಗಟ್ಟಿ ಮಾಡಿಕೊಂಡದ್ದು ಅಳತೆಯನ್ನೇ. ದಕ್ಷಿಣ ಆಫ್ರಿಕಾದ ಅನಾಥ ಮಕ್ಕಳಿಗಾಗಿ ನಡೆಯುವ 'ನಿಟ್-ಎ-ಸ್ಕ್ವೇರ್' ಕಾರ್ಯಕ್ಕೆ ಹಲವು ದೇಶಗಳಿಂದ ಚೌಕಗಳು ಅಂಚೆಯಲ್ಲಿ ಬರುತ್ತವೆ. ಅಲ್ಲಿ ಕೇಳುವುದು 20 ಸೆಂ.ಮೀ. ಚೌಕ, ಅಂದರೆ ಸುಮಾರು 8 ಇಂಚು. ನಮ್ಮ ನೆರೆಯ ಚೆನ್ನೈನಲ್ಲಿ 2016ರ ಜನವರಿ 31ರಂದು 'ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್' ಬಳಗ 11,148.5 ಚದರ ಮೀಟರ್ ವಿಸ್ತಾರದ ಕ್ರೋಶಾ (ಕೊಕ್ಕೆ ಕಡ್ಡಿಯಲ್ಲಿ ಹೆಣೆದ) ಕಂಬಳಿ ಜೋಡಿಸಿ ಗಿನ್ನೆಸ್ ದಾಖಲೆ ಮಾಡಿತು. ಊರೂರಿನ ಕೈಗಳಿಂದ ಬಂದ ತುಂಡುಗಳು ಹೀಗೆ ಒಂದಾಗಬೇಕಾದರೆ ಅಳತೆ ಎಲ್ಲರಿಗೂ ಒಂದೇ ಇರಬೇಕು. ನಮ್ಮೂರಿನ 35 ಚೌಕದ ಕಂಬಳಿಗೂ ಇದೇ ಮಾತು.

ಹಾಗಾದರೆ ಪ್ರಕಟಣೆಯಲ್ಲಿ ಏನು ಬರೆಯಬೇಕು? ನಮ್ಮ ಸಲಹೆ: 20 ಸೆಂ.ಮೀ. ಚೌಕ, ಹೆಚ್ಚುಕಡಿಮೆ ಅರ್ಧ ಸೆಂ.ಮೀ. ಒಳಗೆ. ಉಲ್ಲನ್ ಮಧ್ಯಮ ದಪ್ಪದ್ದು, ಡಿ.ಕೆ. (ಡಬಲ್ ನಿಟಿಂಗ್) ಎಂದು ಮಾರುವ ಅಕ್ರಿಲಿಕ್, ಅಂದರೆ ಕೃತಕ ಎಳೆಯ ನೂಲು. ಕಡ್ಡಿ 4 ಮಿ.ಮೀ. ಇಲ್ಲಿ ಮಿಲಿಮೀಟರ್‌ನಲ್ಲೇ ಬರೆಯಬೇಕು, ಬರೀ ನಂಬರ್ ಸಾಲದು. ನಮ್ಮ ಅಂಗಡಿಗಳಲ್ಲಿ ಇನ್ನೂ ನಡೆಯುವುದು ಹಳೆಯ ಬ್ರಿಟಿಷ್ ನಂಬರ್. ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ: 8 ಅಂದರೆ 4 ಮಿ.ಮೀ., 10 ಅಂದರೆ 3.25 ಮಿ.ಮೀ. ಅಮೆರಿಕದ ನಂಬರ್ ಇದಕ್ಕೆ ತಿರುಗುಮುರುಗು, ಏರಿದಷ್ಟೂ ದಪ್ಪ. ಅಲ್ಲಿನ 8 ಅಂದರೆ 5 ಮಿ.ಮೀ. ಯೂಟ್ಯೂಬ್‌ನಲ್ಲಿ ಅಮೆರಿಕದ ವಿಡಿಯೊ ನೋಡಿ ನಮ್ಮ ಅಂಗಡಿಯಲ್ಲಿ "8 ನಂಬರ್ ಕಡ್ಡಿ ಕೊಡಿ" ಎಂದವರ ಚೌಕ ಚಿಕ್ಕದಾಗುವುದು ಇದೇ ಕಾರಣಕ್ಕೆ.

ಉಲ್ಲನ್ ವಿಷಯದಲ್ಲೂ ಇಂಥದ್ದೇ ಗೊಂದಲ. 4 ಪ್ಲೈ ಅಂದರೆ ನಾಲ್ಕು ಎಳೆ ಹುರಿದದ್ದು ಎಂದಷ್ಟೇ ಅರ್ಥ. ಎಳೆ ಸಣ್ಣದಿದ್ದರೆ ಸಣ್ಣ ನೂಲು, ದಪ್ಪವಿದ್ದರೆ ದಪ್ಪ ನೂಲು. ಲೇಬಲ್ ಹರಿದುಹೋಗಿದ್ದರೆ ಮನೆಯ ಸ್ಕೇಲಿಗೆ ಉಲ್ಲನ್ ಅನ್ನು ಎಳೆಯದೆ, ಒಂದರ ಮೇಲೊಂದು ಹತ್ತಿಸದೆ ಸುತ್ತಿ. ಒಂದು ಇಂಚಿನಲ್ಲಿ 12ರ ಆಸುಪಾಸು ಸುತ್ತು ಕೂತರೆ ಈ ಚೌಕಕ್ಕೆ ಸರಿ. 16–18 ಸುತ್ತು ಬಂದರೆ ಅದು ಮಗುವಿನ ಟೋಪಿಗೆ ಇರಲಿ. ಒಂದು ಚೌಕಕ್ಕೆ 20ರಿಂದ 25 ಗ್ರಾಂ ಸಾಕು, 50 ಗ್ರಾಂ ಉಂಡೆಯಲ್ಲಿ ಎರಡು ಚೌಕ ಆಗುತ್ತವೆ.

ಕುರಿ ಉಣ್ಣೆಯನ್ನೂ ಅಕ್ರಿಲಿಕ್ಕನ್ನೂ ಒಂದೇ ಕಂಬಳಿಯಲ್ಲಿ ಬೆರೆಸಬಾರದು. ಬಿಸಿ ನೀರು, ಮೆಷಿನ್ನಿನ ಕುಲುಕಾಟ ಎರಡೂ ಸೇರಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕುಗ್ಗುತ್ತವೆ, ಅಕ್ರಿಲಿಕ್ ಹಾಗೇ ಇರುತ್ತದೆ. ಒಂದೇ ಒಂದು ಉಣ್ಣೆ ಚೌಕ ಸುತ್ತಲಿನ ಎಂಟು ಚೌಕಗಳನ್ನು ಎಳೆದು ಮುದುಡಿಸುತ್ತದೆ. ನಮ್ಮ ದಖ್ಖನಿ ಕುರಿಯ ಉಣ್ಣೆಯ ಮಾತೇ ಬೇರೆ. ಅದರ ಒರಟುತನ ಮಗ್ಗದ ಕಂಬಳಿಗೆ ಗಟ್ಟಿತನ ಕೊಡುತ್ತದೆ, ಕೈಹೆಣಿಗೆಯ ಚೌಕದಲ್ಲಿ ಮೈಗೆ ಚುಚ್ಚುತ್ತದೆ. ಆಸ್ಪತ್ರೆ, ಹಾಸ್ಟೆಲ್‌ಗಳಲ್ಲಿ ಪದೇಪದೇ ಒಗೆಯಬೇಕಾದ ಹೊದಿಕೆಗೆ ಅಕ್ರಿಲಿಕ್ ಅನುಕೂಲ. ಆದರೆ ಅದು ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಒಲೆಯ ಪಕ್ಕ, ಅಗ್ಗಿಷ್ಟಿಕೆಯ ಪಕ್ಕ ಮಲಗುವವರಿಗೆ ಅದರ ಕಂಬಳಿ ಕೊಡಬೇಡಿ.

ಇನ್ನು ಚೌಕ. ಒಂದು ಸಾಲು ಸೀದಾ (ಉಲ್ಲನ್ ಹಿಂದೆ ಹಿಡಿದು), ಒಂದು ಸಾಲು ಉಲ್ಟಾ (ಉಲ್ಲನ್ ಮುಂದೆ ಹಿಡಿದು) ಹೆಣೆದ ಸಾದಾ ತುಂಡು ಸ್ವೆಟರಿಗೆ ಸರಿ, ಚೌಕಕ್ಕೆ ಸರಿಯಲ್ಲ. ಅದರ ನಾಲ್ಕೂ ಅಂಚು ಸುರುಳಿ ಸುತ್ತುತ್ತವೆ, ಅಳೆಯುವುದೂ ಕಷ್ಟ, ಜೋಡಿಸುವುದೂ ಕಷ್ಟ. ಸೀದಾ-ಉಲ್ಟಾ ಎರಡೂ ಒಂದೇ ಸಾಲಿನಲ್ಲಿ ಬೆರೆತಾಗ ಎರಡು ಬದಿಯ ಎಳೆತ ಸಮವಾಗಿ ತುಂಡು ಮಟ್ಟಸ ಕೂರುತ್ತದೆ. ಉಬ್ಬುತಗ್ಗಿನ ನಡುವೆ ಗಾಳಿ ನಿಲ್ಲುವುದರಿಂದ ಬೆಚ್ಚಗೂ ಇರುತ್ತದೆ. ಇಂಥವುಗಳಲ್ಲಿ ಎಲ್ಲಕ್ಕಿಂತ ಸುಲಭ, ನೋಡಲೂ ಚೆಂದ ಎಂದರೆ ಬುಟ್ಟಿ ಹೆಣಿಗೆ: ಸೀದಾ ಮನೆ, ಉಲ್ಟಾ ಮನೆ ಅದಲುಬದಲಾಗಿ ಬಂದು ನೇಯ್ದ ಬುಟ್ಟಿಯಂತೆ ಕಾಣುತ್ತದೆ. ಈ ಕೆಳಗಿನ ಲೆಕ್ಕದಲ್ಲಿ ಮುಂಬದಿಯ ಸಾಲು, ಹಿಂಬದಿಯ ಸಾಲು ಎಂದು ಬೇರೆ ನೆನಪಿಡಬೇಕಾಗಿಲ್ಲ. ಹಾಗೆಯೇ ಕಂಬಳಿಗೆ ಹಿಂಬದಿ ಎಂಬುದೂ ಉಳಿಯುವುದಿಲ್ಲ, ಎರಡೂ ಕಡೆ ಒಂದೇ ರೀತಿ ಕಾಣುತ್ತದೆ.

4 ಮಿ.ಮೀ. ಕಡ್ಡಿಗೆ 42 ಕುಣಿಕೆ ಏರಿಸಿ. ಏರಿಸುವಾಗ ಅರ್ಧ ಮೀಟರ್ ಬಾಲ ಬಿಡಿ, ಚೌಕ ಜೋಡಿಸಲು ಅದೇ ಬೇಕು. ಮೊದಲ 12 ಸಾಲು ಪೂರ್ತಿ ಸೀದಾ. ಇದು ಕೆಳಗಿನ ಅಂಚು, ಸುಮಾರು 3 ಸೆಂ.ಮೀ. ಬರುತ್ತದೆ. ಆಮೇಲೆ ಮೊದಲ ಕಟ್ಟು, ಅಂದರೆ ಒಂದೇ ಬಗೆಯ 6 ಸಾಲು: 6 ಸೀದಾ, ನಂತರ "5 ಸೀದಾ 5 ಉಲ್ಟಾ" ಎಂಬುದನ್ನು ಮೂರು ಸಲ, ಕೊನೆಗೆ 6 ಸೀದಾ. ಈ ಸಾಲನ್ನೇ 6 ಸಲ ಹೆಣೆಯಿರಿ. ಎರಡನೇ ಕಟ್ಟು: 6 ಸೀದಾ, ನಂತರ "5 ಉಲ್ಟಾ 5 ಸೀದಾ" ಮೂರು ಸಲ, ಕೊನೆಗೆ 6 ಸೀದಾ. ಇದೂ 6 ಸಾಲು. ಹೀಗೆ ಒಂದು ಬಿಟ್ಟು ಒಂದರಂತೆ 7 ಕಟ್ಟು. ಮೊದಲನೆಯ ಬಗೆಯಿಂದ ಶುರುಮಾಡಿದರೆ ಏಳನೆಯದೂ ಅದೇ ಬಗೆಯಾಗುತ್ತದೆ. ಈಗ ತುಂಡನ್ನು ಮೇಜಿನ ಮೇಲೆ ಹಾಸಿ ಅಳೆಯಿರಿ. ಕೆಳಗಿನಿಂದ 17 ಸೆಂ.ಮೀ. ಬಂದಿದ್ದರೆ ಮೇಲಿನ ಅಂಚಿಗೆ 12 ಸಾಲು ಸೀದಾ. 16 ಮಾತ್ರ ಬಂದಿದ್ದರೆ 16 ಸಾಲು. ಅಂಚಿನ ನಾಲ್ಕು ಸಾಲು ಸೇರಿದರೆ 1 ಸೆಂ.ಮೀ. ಎಂಬುದು ಲೆಕ್ಕ. ಎತ್ತರ ಅಗಲಕ್ಕೆ ಸಮವಾದಾಗ ಕುಣಿಕೆ ಮುಚ್ಚಿ.

ಅಗಲ ಸರಿಯಿದೆಯೇ ಎಂದು ನೋಡಲು ಬೇರೆ ಅಳತೆ ತುಂಡು ಬೇಡ. ಅಂಚು ಮುಗಿಸಿ ಎರಡು ಕಟ್ಟು ಹೆಣೆದ ಮೇಲೆ ಕುಣಿಕೆಗಳನ್ನು ಎರಡು ಕಡ್ಡಿಗೆ ಹಂಚಿ, ತುಂಡು ಅಗಲವಾಗಿ ಬಿಡಿಸಿಕೊಳ್ಳುವಂತೆ ಮಾಡಿ, ಟೇಪು ಇಡಿ. ಒಂದೇ ಕಡ್ಡಿಯಲ್ಲಿ ಒತ್ತಿಕೊಂಡಿರುವಾಗ ಅಳೆದರೆ, ಮಡಿಲಲ್ಲಿ ಇಟ್ಟು ಅಳೆದರೆ ಅಳತೆ ಸುಳ್ಳಾಗುತ್ತದೆ. ಅಗಲ 20.5 ಸೆಂ.ಮೀ. ದಾಟಿದ್ದರೆ 3.75 ಮಿ.ಮೀ. ಕಡ್ಡಿ ಹಿಡಿದು ಮತ್ತೆ ಶುರುಮಾಡಿ. 19.5ಕ್ಕಿಂತ ಕಡಿಮೆ ಇದ್ದರೆ 4.5 ಮಿ.ಮೀ. ಮನೆಯಲ್ಲಿ ಬೇರೆ ಕಡ್ಡಿ ಇಲ್ಲದಿದ್ದರೆ ನಡುವಿನ 30 ಕುಣಿಕೆ ಮುಟ್ಟಬೇಡಿ, ಎರಡು ಅಂಚಿನಲ್ಲೂ ಒಂದೊಂದು ಕುಣಿಕೆ ಕೂಡಿಸಿ ಅಥವಾ ಕಳೆಯಿರಿ. ಅಗಲ ಸುಮಾರು 1 ಸೆಂ.ಮೀ. ಬದಲಾಗುತ್ತದೆ. ಬಿಚ್ಚಲು ಬೇಸರ ಎಂದು ಹಾಗೇ ಮುಂದುವರಿಸಿದ ಚೌಕವನ್ನು ಜೋಡಿಸುವವರು ಕೊನೆಗೆ ಪಕ್ಕಕ್ಕಿಡಲೇಬೇಕಾಗುತ್ತದೆ.

ತಪ್ಪುವುದು ಎಲ್ಲಿ ಎಂದರೆ, ಬಹುತೇಕ ಒಂದೇ ಜಾಗದಲ್ಲಿ. ಸೀದಾದಿಂದ ಉಲ್ಟಾಕ್ಕೆ ಹೋಗುವಾಗ ಉಲ್ಲನ್ ಎರಡು ಕಡ್ಡಿಗಳ ನಡುವಿನಿಂದ ಮುಂದಕ್ಕೆ ಬರಬೇಕು. ಉಲ್ಟಾದಿಂದ ಸೀದಾಕ್ಕೆ ಹೋಗುವಾಗ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗಬೇಕು. ಕಡ್ಡಿಯ ಮೇಲಿನಿಂದ ಹಾಯಿಸಿದರೆ ಒಂದು ಸುತ್ತು ಹೆಚ್ಚಾಗಿ ಕಡ್ಡಿಯ ಮೇಲೆ ಕೂರುತ್ತದೆ. ಮುಂದಿನ ಸಾಲಿನಲ್ಲಿ ಅದನ್ನೂ ಕುಣಿಕೆ ಎಂದು ಹೆಣೆದರೆ 42 ಹೋಗಿ 43, ಜೊತೆಗೆ ಒಂದು ತೂತು. ಹಾಗಾಗಿ ಪ್ರತಿ ಕಟ್ಟಿನ ಕೊನೆಯಲ್ಲಿ ಎಣಿಸಿ. 43 ಬಂದರೆ ಆ ಕಟ್ಟಿನಲ್ಲಿ ತೂತು ಹುಡುಕಿ. ತೂತು ಕಾಣದಿದ್ದರೆ ಅಂಚು ನೋಡಿ: ಸಾಲಿನ ಶುರುವಿನಲ್ಲಿ ಉಲ್ಲನ್ ಅನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದಿದ್ದರೆ ಮೊದಲ ಕುಣಿಕೆಯ ಎರಡು ಕಾಲು ಎರಡು ಕುಣಿಕೆಯಂತೆ ಕಾಣುತ್ತವೆ, ಎರಡನ್ನೂ ಹೆಣೆದಿರುತ್ತೀರಿ. 41 ಬಂದರೆ ಎಲ್ಲೋ ಒಂದು ಜಾರಿದೆ. ಜಾರಿದ್ದು ಏಣಿಯಂತೆ ಕೆಳಗಿಳಿಯುವ ಮೊದಲು ಸೇಫ್ಟಿ ಪಿನ್ನಿಗೆ ಸಿಕ್ಕಿಸಿ, ಕ್ರೋಶಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಎತ್ತಿಕೊಳ್ಳಿ.

ಕಟ್ಟು ಬದಲಿಸುವುದನ್ನು ಮರೆಯುವುದು ಇನ್ನೊಂದು. ಹೆಣೆಯುತ್ತಾ ಟಿ.ವಿ. ನೋಡುವವರು ಸಾಲಿನ ಲೆಕ್ಕ ಬರೆದಿಡಬೇಕಾಗಿಲ್ಲ. ಉಲ್ಟಾ ಮನೆಯಲ್ಲಿ ಅಡ್ಡ ಗೆರೆಗಳು ಉಬ್ಬಿ ಕಾಣುತ್ತವೆ, ಅವನ್ನು ಬೆರಳಿಂದಲೇ ಎಣಿಸಬಹುದು. ಆರು ಆದರೆ ಬದಲಿಸಿ. ಒಂದು ಮನೆ ಎಂಟು ಗೆರೆಯಾದರೂ ಕಂಬಳಿ ಕೆಡುವುದಿಲ್ಲ, ಬಿಚ್ಚಬೇಡಿ. ಅಗಲ ತಪ್ಪಿದರೆ ಮಾತ್ರ ಬಿಚ್ಚಿ.

ನಡುವಿನ ಭಾಗವನ್ನು ಸಾದಾ ಬಿಟ್ಟು ಅಂಚನ್ನು ಮಾತ್ರ ಸೀದಾ ಹೆಣೆದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಪೂರ್ತಿ ಸೀದಾ ಹೆಣಿಗೆ 10 ಸೆಂ.ಮೀ.ಗೆ ಸುಮಾರು 40 ಸಾಲು ಹಿಡಿಯುತ್ತದೆ, ಸಾದಾ ಹೆಣಿಗೆ 30ರ ಆಸುಪಾಸು. ಒಂದೇ ಎಣಿಕೆಯ ಸಾಲಿನಲ್ಲಿ ಅಂಚು ಗಿಡ್ಡವಾಗಿ, ನಡು ಉದ್ದವಾಗಿ, ಚೌಕದ ಹೊಟ್ಟೆ ಮುಂದೆ ಬರುತ್ತದೆ. ಬುಟ್ಟಿ ಹೆಣಿಗೆಯ ಮನೆಗಳು ಒಂದನ್ನೊಂದು ಎಳೆದುಕೊಂಡು ಎತ್ತರ ಸ್ವಲ್ಪ ಇಳಿಯುವುದರಿಂದ ಈ ಅಂತರ ಕಡಿಮೆಯಾಗುತ್ತದೆ, ಉಳಿದದ್ದು ಒದ್ದೆ ಮಾಡಿ ಹಾಸಿದಾಗ ಸರಿಹೋಗುತ್ತದೆ.

ಕುಣಿಕೆ ಮುಚ್ಚುವಾಗ ಎಲ್ಲರ ಕೈಯೂ ಬಿಗಿಯಾಗುತ್ತದೆ. ಆಗ ಮೇಲಿನ ಬದಿ 18, ಕೆಳಗಿನ ಬದಿ 20 ಆಗಿ ಚೌಕ ಹೋಗಿ ಬಕೆಟಿನ ಆಕಾರ ಬರುತ್ತದೆ. ಮುಚ್ಚುವ ಒಂದು ಸಾಲಿಗೆ ಮಾತ್ರ ಬಲಗೈಯಲ್ಲಿ 4.5 ಅಥವಾ 5 ಮಿ.ಮೀ. ಕಡ್ಡಿ ಹಿಡಿಯಿರಿ. ಅಂಚಿನ ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸುವ ಅಭ್ಯಾಸ ಹಲವರಿಗಿದೆ. ಸ್ವೆಟರಿನ ಪಟ್ಟಿಗೆ ಅದು ಅಂದವೇ. ಇಲ್ಲಿ ಬೇಡ. ದಾಟಿಸಿದ ಅಂಚಿನಲ್ಲಿ ಎರಡು ಸಾಲಿಗೆ ಒಂದು ಕೊಂಡಿ, ಹೆಣೆದ ಅಂಚಿನಲ್ಲಿ ಸಾಲಿಗೊಂದು. ಇವೆರಡು ಅಕ್ಕಪಕ್ಕ ಬಂದರೆ ಜೋಡಿಸುವವರಿಗೆ ಲೆಕ್ಕ ಕೂಡುವುದಿಲ್ಲ.

ಸಾಲಿನ ಮಧ್ಯೆ ಗಂಟು ಹಾಕಬೇಡಿ. ಹೊಸ ಉಂಡೆಯನ್ನು ಸಾಲಿನ ತುದಿಯಲ್ಲೇ ಸೇರಿಸಿ, 15 ಸೆಂ.ಮೀ. ತುದಿ ಬಿಟ್ಟು, ಆಮೇಲೆ ಮೊಂಡು ಸೂಜಿಯಿಂದ 5–6 ಸೆಂ.ಮೀ. ಒಂದು ದಿಕ್ಕಿಗೆ, ಸ್ವಲ್ಪ ತಿರುಗಿಸಿ ಇನ್ನೊಂದು ದಿಕ್ಕಿಗೆ ನೇಯಿರಿ. ಅಕ್ರಿಲಿಕ್ ನುಣುಪು, ಒಂದೇ ದಿಕ್ಕಿಗೆ ನೇಯ್ದದ್ದು ನಾಲ್ಕು ಒಗೆತದಲ್ಲಿ ಹೊರಗೆ ಇಣುಕುತ್ತದೆ. ಮುಗಿದ ಚೌಕವನ್ನು ಒದ್ದೆ ಮಾಡಿ, ಟವೆಲಿನಲ್ಲಿ ಸುತ್ತಿ ನೀರು ಹಿಂಡಿ, ಚಾಪೆಯ ಮೇಲೆ 20 ಸೆಂ.ಮೀ.ಗೆ ಸರಿಯಾಗಿ ಗುಂಡುಪಿನ್ನು ಚುಚ್ಚಿ ಒಣಗಿಸಿ. ಇಸ್ತ್ರಿ ಮಾತ್ರ ಬೇಡ. ಬಿಸಿಗೆ ಅಕ್ರಿಲಿಕ್ಕಿನ ಜೀವವೇ ಹೋಗುತ್ತದೆ. ಉಬ್ಬುತಗ್ಗು ಚಪ್ಪಟೆಯಾಗಿ ಜೋತುಬೀಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಕಡುಗೆಂಪು, ಮರೂನ್ ಬಣ್ಣದ್ದಾದರೆ ಒದ್ದೆ ಮಾಡಿದಾಗ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಅದನ್ನು ಕೊಡಬೇಡಿ.

ಕಲಿಯುವವರಿಗೆ, ಅಳತೆಯೆಂದರೆ ಅಂಜುವವರಿಗೆ ಇನ್ನೊಂದು ದಾರಿಯಿದೆ: ಮೂಲೆಯಿಂದ ಮೂಲೆಗೆ ಹೆಣೆಯುವುದು. 3 ಕುಣಿಕೆಯಿಂದ ಶುರು. ಎಲ್ಲ ಸಾಲೂ ಸೀದಾ. ಪ್ರತಿ ಸಾಲಿನ ಮೊದಲಿಗೆ ಒಂದು ಕುಣಿಕೆ ಹೆಚ್ಚಿಸುತ್ತಾ ಹೋಗಿ. ಓರೆ ಬದಿ, ಅಂದರೆ ಚೌಕದ ಒಂದು ಪಕ್ಕ, 20 ಸೆಂ.ಮೀ. ಆದಾಗ ಹೆಚ್ಚಿಸುವುದನ್ನು ನಿಲ್ಲಿಸಿ, ಪ್ರತಿ ಸಾಲಿನ ಮೊದಲಿಗೆ ಎರಡನ್ನು ಸೇರಿಸಿ ಒಂದು ಮಾಡುತ್ತಾ 3ಕ್ಕೆ ಇಳಿಸಿ ಮುಗಿಸಿ. ಕೈ ಬಿಗಿಯಿರಲಿ, ಸಡಿಲವಿರಲಿ, ಚೌಕ ಚೌಕವಾಗಿಯೇ ಬರುತ್ತದೆ, ಅಳತೆಯೂ ತಪ್ಪುವುದಿಲ್ಲ. ಕುಂದು ಒಂದೇ: ಓರೆಗೆ ಎಳೆದರೆ ಹಿಗ್ಗುತ್ತದೆ. ಇಡೀ ಕಂಬಳಿಯನ್ನು ಇವುಗಳಿಂದಲೇ ಮಾಡದೆ ಬುಟ್ಟಿ ಚೌಕಗಳ ನಡುವೆ ಅಲ್ಲಲ್ಲಿ ಕೂರಿಸಿದರೆ ಸರಿಯಾಗುತ್ತದೆ.

ಜೋಡಣೆಗೆ ಎಷ್ಟು ಕೆಲಸವಿದೆ ಎಂಬುದು ಕರೆ ಕೊಡುವವರಿಗೆ ಮೊದಲೇ ತಿಳಿದಿರಬೇಕು. 5 ಚೌಕ ಅಗಲ, 7 ಚೌಕ ಉದ್ದದ ಮಕ್ಕಳ ಕಂಬಳಿಗೆ 35 ಚೌಕ. ಅದರಲ್ಲಿ 58 ಕಡೆ ಜೋಡಿಸಬೇಕು, ಒಟ್ಟು 11.6 ಮೀಟರ್ ಹೊಲಿಗೆ. 7ಕ್ಕೆ 9ರ ದೊಡ್ಡವರ ಕಂಬಳಿಗೆ 63 ಚೌಕ, 110 ಜೋಡಣೆ, 22 ಮೀಟರ್. ಇದನ್ನು ಉದ್ಘಾಟನೆಯ ಹಿಂದಿನ ರಾತ್ರಿ ಇಬ್ಬರ ತಲೆಗೆ ಕಟ್ಟುವುದು ಅನ್ಯಾಯ. ಚೌಕ ತಲುಪಿಸುವ ಕೊನೆಯ ದಿನಕ್ಕೂ ಕಂಬಳಿ ಹಂಚುವ ದಿನಕ್ಕೂ ನಡುವೆ ಕನಿಷ್ಠ ಮೂರು ವಾರ ಇರಲಿ. ಬೇಕಾದ ಲೆಕ್ಕಕ್ಕಿಂತ ನಾಲ್ಕೈದು ಚೌಕ ಹೆಚ್ಚೇ ಕೇಳಿ.

ಜೋಡಿಸುವವರು ಮೊದಲು ಎಲ್ಲವನ್ನೂ ನೆಲದ ಮೇಲೆ ಹಾಸಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಲಿ. ತುಸು ದೊಡ್ಡ ಚೌಕಗಳು ಒಂದೇ ಪಟ್ಟಿಗೆ, ತುಸು ಚಿಕ್ಕವು ಒಂದೇ ಪಟ್ಟಿಗೆ ಬೀಳದಂತೆ ಬೆರೆಸಿ ಇಡಬೇಕು. ಒಂದು ಬಿಟ್ಟು ಒಂದು ಚೌಕವನ್ನು ಕಾಲು ಸುತ್ತು ತಿರುಗಿಸಿದರೆ ಬುಟ್ಟಿಯ ಮನೆಗಳು ಅಡ್ಡ-ಉದ್ದ ಆಗಿ ಇನ್ನೂ ಚೆನ್ನಾಗಿ ಕಾಣುತ್ತವೆ. ಮೊದಲು ಐದೈದರ ಪಟ್ಟಿಗಳನ್ನು ಮಾಡಿ, ಆಮೇಲೆ ಪಟ್ಟಿಗೆ ಪಟ್ಟಿ ಜೋಡಿಸಿ. ಹೀಗೆ ತಿರುಗಿಸಿದಾಗ ಸಾಲಿನ ಅಂಚಿಗೆ ಕುಣಿಕೆಯ ಅಂಚು ಎದುರಾಗುತ್ತದೆ, ಒಂದಕ್ಕೊಂದು ಎಣಿಸಿ ಹೊಲಿಯಲು ಬರುವುದಿಲ್ಲ. ಅಲ್ಲಿ ಮೂಲೆಗೆ ಮೂಲೆ, ನಡುವಿಗೆ ನಡು ಪಿನ್ನು ಹಾಕಿ, ಕ್ರೋಶಾ ಕಡ್ಡಿಯಿಂದ ಸಮ ಅಂತರದಲ್ಲಿ ಜೋಡಿಸುವುದೇ ಲೇಸು. ಕೊನೆಗೆ ನಾಲ್ಕೂ ಬದಿಗೆ ಎರಡು ಸುತ್ತು ಕ್ರೋಶಾ ಅಂಚು ಹಾಕಿ. ಮೂಲೆಯಲ್ಲಿ ಒಂದೇ ತೂತಿಗೆ ಮೂರು ಕುಣಿಕೆ ಹಾಕದಿದ್ದರೆ ಮೂಲೆ ಮುದುಡುತ್ತದೆ.

ತಮ್ಮ ಪತ್ರಿಕೆಯಲ್ಲಿ ಒಂದು ಕೋರಿಕೆ. ಇಂಥ ಕರೆಗಳನ್ನು 'ನಗರದಲ್ಲಿ ಇಂದು' ಥರದ ಅಂಕಣದಲ್ಲಿ ಪ್ರಕಟಿಸುವಾಗ ಚೌಕದ ಅಳತೆ ಸೆಂ.ಮೀ.ನಲ್ಲಿ, ಕಡ್ಡಿ ಮಿ.ಮೀ.ನಲ್ಲಿ, ಉಲ್ಲನ್ ಯಾವುದು ಎಂಬ ಮೂರು ವಿವರಗಳನ್ನು ಸಂಘಟಕರಿಂದ ಕೇಳಿ ಪಡೆದು ಸೇರಿಸಿ. ಎರಡು ಸಾಲು ಹೆಚ್ಚಾಗಬಹುದು. ಸಂಘಟಕರು ಪ್ರತಿ ಚೌಕದ ಜೊತೆ ಒಂದು ಚೀಟಿಯನ್ನೂ ಕೇಳಲಿ: ಯಾವ ಉಲ್ಲನ್, ಎಷ್ಟು ಮಿ.ಮೀ. ಕಡ್ಡಿ, ಒಗೆದು ನೋಡಿದ್ದಾರೋ ಇಲ್ಲವೋ. ಆ ಚೀಟಿಗಳ ಆಧಾರದ ಮೇಲೆ ಕಂಬಳಿಯ ಒಂದು ಮೂಲೆಗೆ ಬಟ್ಟೆಯ ಪಟ್ಟಿ ಹೊಲಿದು, "ತಣ್ಣೀರಿನಲ್ಲಿ ಒಗೆಯಿರಿ, ನೆಲದ ಮೇಲೆ ಹಾಸಿ ಒಣಗಿಸಿ, ಇಸ್ತ್ರಿ ಮಾಡಬೇಡಿ, ಬೆಂಕಿಯಿಂದ ದೂರವಿಡಿ" ಎಂದು ಕನ್ನಡದಲ್ಲಿ ಬರೆದುಕೊಡಲಿ. ವಾರ್ಡಿನ ಆಯಾ, ಹಾಸ್ಟೆಲಿನ ವಾರ್ಡನ್ ಓದಬೇಕಾದದ್ದು ಅದೇ.

ಇಂತಿ,
ಕೈಹೆಣಿಗೆ ಮಾಡುವ ಕೆಲವು ಓದುಗರು
ಮೈಸೂರು